ಊರಿನ ಹೆಸರೂ ಒಂದು ಫಸಲು
(ಫ್ರಾನ್ಸ್ ಪ್ರವಾಸದಲ್ಲಿ ಕಂಡ ಬೆಳೆಗಾರರ ವ್ಯವಸ್ಥೆ: ಒಂದು ಅಧ್ಯಯನ)



ಕಳೆದ ಬೇಸಿಗೆಯಲ್ಲಿ ಕಾಫಿ ಕೊಯ್ಲಿನ ಲೆಕ್ಕಪತ್ರ ಮುಗಿದ ಮೇಲೆ, ಅಡಿಕೆಗೆ ಮೊದಲ ಔಷಧಿ ಹೊಡೆಯುವ ಮುನ್ನ ಸಿಕ್ಕ ಬಿಡುವಿನಲ್ಲಿ, ನಾನೂ ನನ್ನ ಶ್ರೀಮತಿಯವರೂ ಮೂರು ವಾರ ಫ್ರಾನ್ಸ್ ದೇಶದ ಪಟ್ಟಣ ಮತ್ತು ಹಳ್ಳಿಗಳನ್ನು ಸುತ್ತಿ ಬಂದೆವು. ಐಫೆಲ್ ಗೋಪುರ, ಲೂವ್ರ್ ವಸ್ತುಸಂಗ್ರಹಾಲಯ ಮುಂತಾದವುಗಳ ವರ್ಣನೆ ಬೇಕಾದಷ್ಟು ಪುಸ್ತಕಗಳಲ್ಲಿ ದೊರೆಯುತ್ತದೆ. ನಮ್ಮ ಪತ್ರಿಕೆಯ ಪುಟಗಳನ್ನು ಅದಕ್ಕಾಗಿ ಬಳಸುವುದು ಉಚಿತವಲ್ಲ. ಬೆಳೆಗಾರನಿಗೆ ಉಪಯೋಗವಾಗುವ ಸಂಗತಿಗಳನ್ನು ಮಾತ್ರ ಪ್ರಯಾಣದ ಕ್ರಮದಲ್ಲಿ ಇಲ್ಲಿ ನಿರೂಪಿಸಿದ್ದೇನೆ.

ವಿಚಾರ ಮಾಡಬೇಕಾದ ಪ್ರಶ್ನೆ ಇಷ್ಟೇ. ಆ ದೇಶದಲ್ಲಿ ಎರಡು ಎಕರೆ ದ್ರಾಕ್ಷಿಬಳ್ಳಿ ಇರುವವನ ಮಾಲು ಕೂಡ ಅವನ ಊರಿನ ಹೆಸರು ಹೊತ್ತು ಮಾರುಕಟ್ಟೆಗೆ ಹೋಗುತ್ತದೆ. ನಮ್ಮ ಕಾಫಿಯಾಗಲಿ ಅಡಿಕೆಯಾಗಲಿ ಚೀಲದಿಂದ ಇನ್ನೊಂದು ರಾಶಿಗೆ ಸುರಿದ ಕ್ಷಣದಲ್ಲಿಯೇ ಊರಿನ ಹೆಸರನ್ನು ಕಳೆದುಕೊಳ್ಳುತ್ತದೆ. ಅವರಿಗೆ ಸಾಧ್ಯವಾದದ್ದು ಹೇಗೆ? ಅದಕ್ಕೆ ಅವರು ತೆತ್ತ ಬೆಲೆ ಏನು?

1. ಪ್ಯಾರಿಸ್: ಕಾಫಿ ಮತ್ತು ಚಿಕೋರಿ

ಪ್ಯಾರಿಸ್ ನಗರದಲ್ಲಿ ಪ್ರೊಕೋಪ್ ಎಂಬ ಕಾಫಿ ಮನೆಯನ್ನು ಸಿಸಿಲಿಯಿಂದ ಬಂದ ಒಬ್ಬಾತ 1686ರಲ್ಲಿ ತೆರೆದನು. ಇಂದಿಗೂ ಆ ಹೆಸರಿನ ಊಟದ ಮನೆ ಅಲ್ಲಿ ನಡೆಯುತ್ತಿದೆ. ನಗರದ ಸಸ್ಯೋದ್ಯಾನಕ್ಕೂ ಕಾಫಿಯ ಚರಿತ್ರೆಗೂ ನಂಟಿದೆ. 1714ರಲ್ಲಿ ಆಮ್‌ಸ್ಟರ್‌ಡಾಮ್ ನಗರದವರು ದೊರೆ 14ನೇ ಲೂಯಿಗೆ ಒಂದು ಕಾಫಿ ಗಿಡವನ್ನು ಕಾಣಿಕೆಯಾಗಿ ಕೊಟ್ಟರು. ಅದನ್ನು ಈ ತೋಟದ ಗಾಜಿನ ಮನೆಯಲ್ಲಿ ಬೆಳೆಸಿದರು. ಕೆಲವು ವರ್ಷಗಳ ಬಳಿಕ ದ ಕ್ಲಿಯೂ ಎಂಬ ಅಧಿಕಾರಿ ಇಲ್ಲಿಯ ಸಸಿಯನ್ನು ಹಡಗಿನಲ್ಲಿ ಮಾರ್ಟಿನಿಕ್ ದ್ವೀಪಕ್ಕೆ ಒಯ್ದನು. ಹಡಗಿನಲ್ಲಿ ನೀರಿಗೆ ಕೊರತೆಯಾದಾಗ ತನ್ನ ಪಾಲಿನ ಕುಡಿಯುವ ನೀರನ್ನೇ ಸಸಿಗೂ ಹಂಚಿದೆನೆಂದು ಅವನು ಬರೆದುಕೊಂಡಿದ್ದಾನೆ. ಬಾಬಾಬುಡನ್ ಗಿರಿಯ ಏಳು ಬೀಜಗಳ ಐತಿಹ್ಯವನ್ನು ಕೇಳಿ ಬೆಳೆದ ನಮಗೆ ಇಂಥ ಕಥೆ ಹೊಸದೇನಲ್ಲ.

ಇನ್ನೊಂದು ಅಂಶ ನಮ್ಮ ಲೋಟಕ್ಕೇ ಸಂಬಂಧಿಸಿದೆ. 1806ರಲ್ಲಿ ನೆಪೋಲಿಯನ್ ಬ್ರಿಟಿಷರ ವ್ಯಾಪಾರಕ್ಕೆ ತಡೆಯೊಡ್ಡಿದಾಗ ಯೂರೋಪಿಗೆ ಕಾಫಿ ಬರುವುದು ದುರ್ಲಭವಾಯಿತು. ಆಗ ಫ್ರೆಂಚರು ಚಿಕೋರಿ ಗಿಡದ ಬೇರನ್ನು ಹುರಿದು ಪುಡಿ ಮಾಡಿ ಬೆರೆಸತೊಡಗಿದರು. ತಡೆ ಹೋದರೂ ರೂಢಿ ಹೋಗಲಿಲ್ಲ. ಇಂದು ನಮ್ಮ ಫಿಲ್ಟರ್ ಕಾಫಿಗೂ ಚಿಕೋರಿ ಬೀಳುತ್ತದೆ. ಅಂಥ ಪುಡಿಯಲ್ಲಿ ಕಾಫಿಯ ಪಾಲು ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು, ಬೆರಕೆಯ ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು ಎಂದು ನಮ್ಮ ದೇಶದ ನಿಯಮವಿದೆ. ಅಂದರೆ ಬೆರಕೆ ಅಪರಾಧವಲ್ಲ, ಅದನ್ನು ಮುಚ್ಚಿಡುವುದು ಅಪರಾಧ. ಈ ಮಾತು ಮುಂದೆ ಮತ್ತೆ ಬರಲಿದೆ.

2. ದಿಜೋನ್: ಕೈತಪ್ಪಿದ ಹೆಸರು

ಪ್ಯಾರಿಸ್‌ನಿಂದ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯಲ್ಲಿ ದಿಜೋನ್ ಸಿಗುತ್ತದೆ. ಬರ್ಗಂಡಿ ಪ್ರಾಂತದ ಡ್ಯೂಕರ ಹಳೆಯ ರಾಜಧಾನಿ ಇದು. ಸಾಸಿವೆ ಅರೆದು ಮಾಡುವ ವ್ಯಂಜನಕ್ಕೆ ಲೋಕಪ್ರಸಿದ್ಧವಾದ ಊರು. ನನ್ನ ಶ್ರೀಮತಿಯವರು ಅಂಗಡಿಯಲ್ಲಿ ಒಂದು ಸಣ್ಣ ಜಾಡಿ ಕೊಂಡು, ಸಾಸಿವೆ ಬೆಳೆಯುವ ಹೊಲ ಎಲ್ಲಿದೆಯೆಂದು ವಿಚಾರಿಸಿದರು. ಬೀಜದ ಹೆಚ್ಚಿನ ಭಾಗ ಬರುವುದು ಕೆನಡಾ ದೇಶದಿಂದ ಎಂಬ ಉತ್ತರ ದೊರೆಯಿತು!

ಇದಕ್ಕೆ ಕಾರಣವಿದೆ. 'ದಿಜೋನ್ ಸಾಸಿವೆ' ಎಂಬುದನ್ನು ಕಾನೂನು ಒಂದು ತಯಾರಿಕೆಯ ವಿಧಾನವೆಂದು ಮಾತ್ರ ಗುರುತಿಸಿತು, ಊರಿನ ಸ್ವತ್ತೆಂದು ಗುರುತಿಸಲಿಲ್ಲ. ಹೀಗಾಗಿ ಯಾರು ಎಲ್ಲಿ ಬೇಕಾದರೂ ಆ ಹೆಸರಿನಲ್ಲಿ ತಯಾರಿಸಬಹುದು. 2021ರಲ್ಲಿ ಕೆನಡಾದಲ್ಲಿ ಬರ ಬಿದ್ದುದರಿಂದ 2022ರಲ್ಲಿ ಫ್ರಾನ್ಸಿನ ಅಂಗಡಿಗಳಲ್ಲೇ ಸಾಸಿವೆ ಜಾಡಿಗಳು ಕಾಣದಾದವು. ಸ್ಥಳೀಯ ರೈತರು ಎಚ್ಚೆತ್ತು, ತಮ್ಮಲ್ಲೇ ಬೆಳೆದ ಬೀಜಕ್ಕೆ 'ಬರ್ಗಂಡಿ ಸಾಸಿವೆ' ಎಂಬ ಬೇರೆ ಹೆಸರನ್ನು ಯೂರೋಪಿನ ಕಾನೂನಿನಡಿ 2009ರಲ್ಲಿ ನೋಂದಾಯಿಸಿಕೊಂಡಿದ್ದಾರೆ. ಹಳೆಯ ದೊಡ್ಡ ಹೆಸರು ಮಾತ್ರ ಕೈತಪ್ಪಿ ಹೋಗಿದೆ.

3. ಬರ್ಗಂಡಿಯ ಇಳಿಜಾರು: ಸಣ್ಣ ಹಿಡುವಳಿ, ದೊಡ್ಡ ಹೆಸರು

ದಿಜೋನಿನಿಂದ ದಕ್ಷಿಣಕ್ಕೆ ಬೋನ್ ಎಂಬ ಪಟ್ಟಣದವರೆಗೂ ಅದರಾಚೆಗೂ ಪೂರ್ವಕ್ಕೆ ಮುಖ ಮಾಡಿದ ಸಣ್ಣ ಇಳಿಜಾರಿನುದ್ದಕ್ಕೂ ದ್ರಾಕ್ಷಿತೋಟಗಳಿವೆ. ನಾವು ವೈನ್ ಕುಡಿಯುವವರಲ್ಲ. ಆದರೆ ಬೆಳೆ ನೋಡಲು ಕುಡಿಯಬೇಕೆಂಬ ನಿಯಮವೇನಿಲ್ಲ. ನಾವು ಕೆಳಗಿನ ತೋಟ, ಹೊಳೆಬದಿ ತೋಟ ಎಂದು ಕರೆಯುವಂತೆ ಅಲ್ಲಿಯೂ ಪ್ರತಿಯೊಂದು ತುಂಡು ಭೂಮಿಗೆ ಹೆಸರಿದೆ. ಅಂಥ 1,200ಕ್ಕೂ ಹೆಚ್ಚು ಹೆಸರಿನ ತುಂಡುಗಳನ್ನು ಯುನೆಸ್ಕೋ ಸಂಸ್ಥೆ 2015ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಕ್ಲೋ ದ ವೂಝೋ ಎಂಬ ತೋಟವನ್ನು ಕ್ರೈಸ್ತ ಸಂನ್ಯಾಸಿಗಳು 12ನೇ ಶತಮಾನದಲ್ಲಿ ಆರಂಭಿಸಿದರು. ಸುತ್ತಲೂ ಕಲ್ಲಿನ ಪಾಗಾರವಿದೆ. ಒಳಗಿನ ವಿಸ್ತೀರ್ಣ ಸುಮಾರು 50 ಹೆಕ್ಟೇರ್, ಎಂದರೆ ಸುಮಾರು 125 ಎಕರೆ. ಈಗ ಅದಕ್ಕೆ ಸುಮಾರು 80 ಮಂದಿ ಮಾಲೀಕರು. ಸರಾಸರಿ ಒಬ್ಬೊಬ್ಬರಿಗೆ ಒಂದೂವರೆ ಎಕರೆ! ಲೋಕದಲ್ಲೇ ಅತ್ಯಂತ ದುಬಾರಿ ವೈನ್‌ಗಳಲ್ಲಿ ಒಂದನ್ನು ಕೊಡುವ ರೊಮಾನೆ-ಕೋಂತಿ ತೋಟದ ವಿಸ್ತೀರ್ಣ ನಾಲ್ಕೂವರೆ ಎಕರೆಯೂ ಇಲ್ಲ. ಹಿಡುವಳಿ ಸಣ್ಣದಾದ್ದರಿಂದ ನಮಗೆ ಹೆಸರು ಬಾರದು ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಆದರೆ ಈ ಹೆಸರು ತಾನಾಗಿ ಬಂದದ್ದಲ್ಲ. 1395ರಷ್ಟು ಹಿಂದೆಯೇ ಅಲ್ಲಿಯ ಡ್ಯೂಕನು, ಹೆಚ್ಚು ಕಾಯಿ ಬಿಡುವ ಗಾಮೇ ಎಂಬ ತಳಿಯನ್ನು ಕಿತ್ತು ಹಾಕಬೇಕೆಂದು ಅಪ್ಪಣೆ ಹೊರಡಿಸಿದ್ದನು. ಇಳುವರಿ ಕಡಿಮೆಯಾದರೂ ರುಚಿ ಹೆಚ್ಚಿರುವ ಪಿನೋ ನ್ವಾರ್ ತಳಿಯೇ ಇಂದು ಅಲ್ಲಿಯ ಕೆಂಪು ವೈನಿಗೆ ಆಧಾರ.

ಬೋನ್ ಪಟ್ಟಣದಲ್ಲಿ ಬಣ್ಣಬಣ್ಣದ ಹೆಂಚು ಹೊದಿಸಿದ ಒಂದು ಹಳೆಯ ಧರ್ಮಾಸ್ಪತ್ರೆ ಇದೆ. ನಿಕೊಲಾ ರೊಲಿನ್ ಎಂಬ ಮಂತ್ರಿಯೂ ಆತನ ಹೆಂಡತಿ ಗಿಗೋನ್ ದ ಸಾಲಿನ್ ಎಂಬಾಕೆಯೂ 1443ರಲ್ಲಿ ಬಡವರಿಗಾಗಿ ಅದನ್ನು ಸ್ಥಾಪಿಸಿದರು. ಭಕ್ತರು ಕಾಲಕಾಲಕ್ಕೆ ದ್ರಾಕ್ಷಿತೋಟಗಳನ್ನು ದಾನ ಕೊಟ್ಟರು. 1859ರಿಂದ ಆ ತೋಟಗಳ ವೈನ್ ಬಹಿರಂಗ ಹರಾಜಿನಲ್ಲಿ ಮಾರಾಟವಾಗುತ್ತಿದೆ. ಈಗ ನವೆಂಬರ್ ತಿಂಗಳ ಮೂರನೆಯ ಭಾನುವಾರ ಹರಾಜು ನಡೆಯುತ್ತದೆ. ಆ ವರ್ಷದ ಧಾರಣೆಯ ಸೂಚನೆಗಾಗಿ ಇಡೀ ಪ್ರಾಂತದ ವ್ಯಾಪಾರಿಗಳು ಅದರತ್ತ ನೋಡುತ್ತಾರೆ. ಮಾಲು ಯಾರದು, ಯಾವ ತೋಟದ್ದು, ಎಷ್ಟಕ್ಕೆ ಹೋಯಿತು ಎಂಬುದೆಲ್ಲ ಎಲ್ಲರ ಕಣ್ಣೆದುರಿನಲ್ಲೇ ತೀರ್ಮಾನವಾಗುತ್ತದೆ.

4. ಜೂರಾ ಬೆಟ್ಟಗಳು: ಹನ್ನೆರಡು ಅಂಕದ ನಿಯಮ

ಬೋನ್‌ನಿಂದ ಪೂರ್ವಕ್ಕೆ, ಸ್ವಿಟ್ಜರ್ಲೆಂಡ್ ಗಡಿಯ ಕಡೆಗೆ ಹೊರಟರೆ ಜೂರಾ ಬೆಟ್ಟಗಳು. ಇದು ಹಸುಗಳ ನಾಡು. ಇಲ್ಲಿ ಕೊಂತೆ ಎಂಬ ಗಿಣ್ಣನ್ನು ಬಂಡಿಯ ಗಾಲಿಯಂತೆ ದುಂಡಗೆ ತಯಾರಿಸುತ್ತಾರೆ. ಒಂದು ಗಾಲಿಯ ತೂಕ ಸುಮಾರು 40 ಕಿಲೋ. ಅದಕ್ಕೆ ಬೇಕಾಗುವ ಹಾಲು ಸುಮಾರು 400 ಲೀಟರ್. ಒಬ್ಬ ಸಣ್ಣ ರೈತನ ಕೊಟ್ಟಿಗೆಯಿಂದ ಒಂದು ದಿನಕ್ಕೆ ಇಷ್ಟು ಹಾಲು ಹಿಂದೆ ಸಾಧ್ಯವಿರಲಿಲ್ಲ. ಆದುದರಿಂದ 13ನೇ ಶತಮಾನದಿಂದಲೇ ಅಲ್ಲಿಯವರು ಹಾಲನ್ನು ಒಂದೆಡೆ ಸೇರಿಸಿ ಗಿಣ್ಣು ಮಾಡುವ ಪದ್ಧತಿ ಇಟ್ಟುಕೊಂಡರು. ಅಂಥ ಊರ ಹಾಲಿನ ಮನೆಗೆ 'ಫ್ರುಯಿತಿಯೇರ್' ಎಂದು ಹೆಸರು. ಇಂದಿಗೂ ಅಂಥವು ನೂರಕ್ಕೂ ಹೆಚ್ಚಿದ್ದು, ಬಹುಪಾಲು ರೈತರದೇ ಸಹಕಾರ ಸಂಘಗಳಾಗಿವೆ. (ಇದರಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುವುದರಿಂದ ಸಸ್ಯಾಹಾರಿಗಳು ಕೇಳಿ ತಿಳಿದು ತಿನ್ನುವುದು ಒಳ್ಳೆಯದು.)

ಇವರ ನಿಯಮಗಳು ಕಟ್ಟುನಿಟ್ಟು. ಹಸು ಗೊತ್ತುಪಡಿಸಿದ ಎರಡು ತಳಿಗಳದ್ದೇ ಆಗಿರಬೇಕು. ರಸಮೇವು ಹಾಕಕೂಡದು. ಪ್ರತಿ ಹಸುವಿಗೆ ಕನಿಷ್ಠ ಒಂದು ಹೆಕ್ಟೇರ್ ಹುಲ್ಲುಗಾವಲಿರಬೇಕು. ಗಿಣ್ಣು ಕನಿಷ್ಠ ನಾಲ್ಕು ತಿಂಗಳು ನೆಲಮಾಳಿಗೆಯಲ್ಲಿ ಮಾಗಬೇಕು. ಯಾವ ಹಾಲಿನ ಮನೆಯಲ್ಲಿ ಯಾವಾಗ ತಯಾರಾಯಿತೆಂಬ ಬಿಲ್ಲೆ ಪ್ರತಿ ಗಾಲಿಗೂ ಅಂಟಿರುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಅಂಕದ ಪದ್ಧತಿ. ಮಾಗಿದ ಗಾಲಿಗೆ ರುಚಿ, ರೂಪ ಮೊದಲಾದವುಗಳನ್ನು ನೋಡಿ 20ಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ. 14ಕ್ಕೆ ಮೇಲ್ಪಟ್ಟರೆ ಹಸಿರು ಪಟ್ಟಿ. 12ರಿಂದ 14ರವರೆಗೆ ಕಂದು ಪಟ್ಟಿ. 12ಕ್ಕಿಂತ ಕಡಿಮೆಯಾದರೆ ಅದನ್ನು ಕೊಂತೆ ಎಂದು ಮಾರುವಂತೆಯೇ ಇಲ್ಲ. ಅದು ಹಾಳಾದ ಗಿಣ್ಣಲ್ಲ, ತಿನ್ನಲು ಯೋಗ್ಯವೇ ಆಗಿರಬಹುದು. ಆದರೆ ಊರಿನ ಹೆಸರು ಅದಕ್ಕಿಲ್ಲ. ಹಾಲು ಹಾಕಿದವನು ತಮ್ಮ ಸಂಘದ ಸದಸ್ಯನೇ, ನೆರೆಮನೆಯವನೂ ಇದ್ದಾನು. ಆದರೂ ಇಲ್ಲ.

5. ದಕ್ಷಿಣದ ಬಯಲು: 1907ರ ದಂಗೆ

ಲಿಯೋನ್ ನಗರದ ಮೂಲಕ ರೈಲಿನಲ್ಲಿ ದಕ್ಷಿಣಕ್ಕಿಳಿದು ಮೆಡಿಟರೇನಿಯನ್ ಸಮುದ್ರದ ಬದಿಯ ನಾರ್ಬೋನ್ ಪಟ್ಟಣಕ್ಕೆ ಬಂದೆವು. ಬಿಸಿಲಿನ ನಾಡು. 1681ರಲ್ಲಿ ತೆರೆದ ಮಿದಿ ಕಾಲುವೆ ಈ ಸೀಮೆಯಲ್ಲಿ ಹಾದುಹೋಗುತ್ತದೆ. ಅದರ ದಂಡೆಯ ಸಾಲುಮರಗಳಿಗೆ ಶಿಲೀಂಧ್ರ ರೋಗ ತಗಲಿದ್ದು 2006ರಲ್ಲಿ ಪತ್ತೆಯಾಗಿ, ಸಾವಿರಾರು ಮರಗಳನ್ನು ಕಡಿಯಬೇಕಾಯಿತು. ಅಡಿಕೆ ತೋಟ ಒಣಗುವುದನ್ನು ಕಂಡವರಿಗೆ ಆ ಬೋಳು ದಂಡೆಯನ್ನು ನೋಡಿದರೆ ಸಂಕಟವಾಗುತ್ತದೆ.

ಈ ಸೀಮೆಯ ಬೆಳೆಗಾರರ ಚರಿತ್ರೆಯೇ ನಮಗೆ ಮುಖ್ಯ ಪಾಠ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಸಣ್ಣ ಕೀಟ ಬೇರನ್ನು ಹೀರಿ ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ನಾಶ ಮಾಡಿತು. ಅಮೆರಿಕದ ಬಳ್ಳಿಯ ಬೇರಿಗೆ ತಮ್ಮ ಬಳ್ಳಿಯನ್ನು ಕಸಿ ಕಟ್ಟಿ ತೋಟಗಳನ್ನು ಮತ್ತೆ ಎಬ್ಬಿಸಿದರು. ಆದರೆ ಆ ನಡುವಿನ ಕೊರತೆಯ ವರ್ಷಗಳಲ್ಲಿ ಒಣದ್ರಾಕ್ಷಿ, ಸಕ್ಕರೆ, ನೀರು ಸೇರಿಸಿ 'ವೈನ್' ಮಾಡುವ ವ್ಯಾಪಾರ ಬೆಳೆದಿತ್ತು. ಹೊಸ ತೋಟಗಳು ಫಸಲು ಕೊಟ್ಟಾಗಲೂ ಬೆರಕೆ ನಿಲ್ಲಲಿಲ್ಲ. ಒಂದೆಡೆ ಬೆರಕೆ, ಇನ್ನೊಂದೆಡೆ ಅತಿಯಾದ ಉತ್ಪತ್ತಿ. ಧಾರಣೆ ಕುಸಿದು ಬೆಳೆಗಾರರು ಸಾಲಕ್ಕೆ ಸಿಕ್ಕಿದರು.

1907ರ ಮಾರ್ಚ್ 11ರಂದು ಅರ್ಜೆಲಿಯೇ ಎಂಬ ಹಳ್ಳಿಯಿಂದ 87 ಮಂದಿ ನಾರ್ಬೋನ್‌ಗೆ ನಡೆದು ಬಂದು ದೂರು ಸಲ್ಲಿಸಿದರು. ಮುಂದಾಳು ಮಾರ್ಸೆಲಿನ್ ಅಲ್ಬೇರ್. ಸಣ್ಣ ಬೆಳೆಗಾರ, ಜೊತೆಗೆ ಕಾಫಿ ಅಂಗಡಿಯವನು. ವಾರವಾರಕ್ಕೂ ಸಭೆಗಳು ದೊಡ್ಡದಾದವು. ಜೂನ್ 9ರಂದು ಮೊನ್‌ಪೆಲಿಯೇ ನಗರದಲ್ಲಿ ಹಲವು ಲಕ್ಷ ಜನ ಸೇರಿದರು. ಸರ್ಕಾರ ಸೈನ್ಯ ಕಳಿಸಿತು. ನಾರ್ಬೋನ್‌ನಲ್ಲಿ ಗುಂಡು ಹಾರಿ ಜೀವಗಳು ಹೋದವು. ಸ್ಥಳೀಯ ಹುಡುಗರೇ ಹೆಚ್ಚಿದ್ದ 17ನೇ ಪದಾತಿ ದಳ ದಂಗೆಯೆದ್ದು ಬೆಝಿಯೇ ಪಟ್ಟಣಕ್ಕೆ ಬಂದು ಬೆಳೆಗಾರರ ಪಕ್ಷ ಸೇರಿತು.

ಅಲ್ಬೇರ್ ಗುಟ್ಟಾಗಿ ಪ್ಯಾರಿಸ್‌ಗೆ ಹೋಗಿ ಪ್ರಧಾನಿ ಕ್ಲೆಮಾನ್ಸೋ ಅವರನ್ನು ಕಂಡನು. ಹಿಂದಿರುಗಲು ರೈಲಿನ ಖರ್ಚಿಗೆಂದು ಅವರು ಕೊಟ್ಟ 100 ಫ್ರಾಂಕ್ ನೋಟನ್ನು ತೆಗೆದುಕೊಂಡನು. ಆ ಸುದ್ದಿ ಪತ್ರಿಕೆಗಳಿಗೆ ತಲುಪಿ, ಲಕ್ಷಾಂತರ ಜನರ ಮುಂದಾಳು ಒಂದೇ ದಿನದಲ್ಲಿ ವಿಶ್ವಾಸ ಕಳೆದುಕೊಂಡನು. ಒಬ್ಬ ವ್ಯಕ್ತಿಯ ಮೇಲೆ ನಿಂತ ಚಳವಳಿಯ ಪಾಡು ಇದು.

ಆದರೂ ಚಳವಳಿ ವ್ಯರ್ಥವಾಗಲಿಲ್ಲ. 1907ರ ಜೂನ್ 29ರ ಕಾನೂನು ನೀರು–ಸಕ್ಕರೆಯ ಬೆರಕೆಯನ್ನು ತಡೆಯಿತು. ಪ್ರತಿ ಬೆಳೆಗಾರನೂ ತನ್ನ ಫಸಲು ಎಷ್ಟೆಂದು ಘೋಷಿಸಬೇಕಾಯಿತು. ತಾಜಾ ದ್ರಾಕ್ಷಿಯಿಂದ ಆದದ್ದಕ್ಕೆ ಮಾತ್ರ ವೈನ್ ಎಂಬ ಹೆಸರು ಎಂದು ಅದೇ ವರ್ಷ ನಿಶ್ಚಯವಾಯಿತು. ಇನ್ನೊಂದು ಕಡೆ ಸಹಕಾರವೂ ಬೇರೂರಿತು. ಬೆಝಿಯೇ ಬಳಿಯ ಮರೋಸಾನ್ ಹಳ್ಳಿಯ ಸಣ್ಣ ಬೆಳೆಗಾರರು 1901ರಲ್ಲಿಯೇ ಸಂಘ ಕಟ್ಟಿ, ದಲಾಲರನ್ನು ಬಿಟ್ಟು ಪ್ಯಾರಿಸ್‌ನ ಗ್ರಾಹಕ ಸಂಘಗಳಿಗೆ ನೇರವಾಗಿ ವೈನ್ ಮಾರಿದ್ದರು. 1905ರಲ್ಲಿ ತಮ್ಮದೇ ದಾಸ್ತಾನು ಮನೆ ಕಟ್ಟಿದರು. ಫ್ರಾನ್ಸಿನ ದ್ರಾಕ್ಷಿ ಸಹಕಾರ ಸಂಘಗಳಿಗೆ ಅದು ಮಾದರಿಯಾಯಿತು.

ಈ ಬೆಳವಣಿಗೆಯ ಕೊನೆಯ ಮೆಟ್ಟಿಲು 1935ರ ಜುಲೈ 30ರ ಶಾಸನ. ಊರಿನ ಹೆಸರು ಬಳಸಬೇಕಾದರೆ ಭೂಮಿಯ ಎಲ್ಲೆ, ತಳಿ, ಹೆಕ್ಟೇರಿಗೆ ಗರಿಷ್ಠ ಇಳುವರಿ, ತಯಾರಿಕೆಯ ಕ್ರಮ ಎಲ್ಲವನ್ನೂ ಪಾಲಿಸಬೇಕು ಎಂದು ಅದು ವಿಧಿಸಿತು. 1936ರ ಮೇ ತಿಂಗಳಲ್ಲಿ ಜೂರಾದ ಅರ್ಬ್ವಾ ಮೊದಲಾದ ಹೆಸರುಗಳಿಗೆ ಈ ರಕ್ಷಣೆ ಮೊದಲಿಗೆ ದೊರೆಯಿತು. ಗರಿಷ್ಠ ಇಳುವರಿ ಎಂಬ ಮಾತನ್ನು ಸದಸ್ಯರು ಗಮನಿಸಬೇಕು. ಇಷ್ಟಕ್ಕಿಂತ ಹೆಚ್ಚು ಬೆಳೆದರೆ ಹೆಸರಿಲ್ಲ!

6. ಬೋರ್ದೋ: ನಮ್ಮ ಮೈಲುತುತ್ತದ ತವರು

ನಾವು ಬೋರ್ಡೋ ದ್ರಾವಣ ಎನ್ನುವ ಔಷಧಿಗೆ ಹೆಸರು ಕೊಟ್ಟ ಪಟ್ಟಣ ಫ್ರಾನ್ಸಿನ ಪಶ್ಚಿಮದಲ್ಲಿದೆ. ಅಲ್ಲಿಯವರ ಉಚ್ಚಾರ ಬೋರ್ದೋ. ಗರೋನ್ ನದಿಯ ದಂಡೆಯ ದೊಡ್ಡ ಬಂದರು ಪಟ್ಟಣ. ಕೀಟದ ಕಾಟ ತೀರುವ ಮೊದಲೇ, ಸುಮಾರು 1878ರಲ್ಲಿ ಎಲೆಗೆ ಬೂಜು ಹಿಡಿಯುವ ಇನ್ನೊಂದು ರೋಗ ಅಮೆರಿಕದಿಂದ ಬಂತು. 1882ರಲ್ಲಿ ಮಿಲಾರ್ದೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಮೆದೋಕ್ ಸೀಮೆಯ ತೋಟವೊಂದರ ಪಕ್ಕ ಹೋಗುತ್ತಿದ್ದಾಗ ದಾರಿಯ ಬದಿಯ ಬಳ್ಳಿಗಳಲ್ಲಿ ಮಾತ್ರ ಎಲೆ ಉಳಿದಿರುವುದನ್ನು ಕಂಡರು. ದಾರಿಹೋಕರು ಹಣ್ಣು ಕದಿಯದಿರಲೆಂದು ಮಾಲೀಕರು ಆ ಸಾಲುಗಳಿಗೆ ಮೈಲುತುತ್ತ ಮತ್ತು ಸುಣ್ಣ ಚಿಮುಕಿಸಿದ್ದರು. ರಸಾಯನಶಾಸ್ತ್ರಜ್ಞ ಗಾಯೋನ್ ಅವರೊಡನೆ ಪ್ರಯೋಗ ನಡೆಸಿ ಮಿಲಾರ್ದೆಯವರು 1885ರಲ್ಲಿ ಇದನ್ನು ಪ್ರಕಟಿಸಿದರು.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಡಾ. ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ ಇದೇ ದ್ರಾವಣವನ್ನು ಸೂಚಿಸಿದರು. ಅಂದಿನಿಂದ ಇಂದಿನವರೆಗೂ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣದ ಲೆಕ್ಕ ನಮ್ಮ ಕೊನೆಗಾರರಿಗೆಲ್ಲ ಬಾಯಿಪಾಠ. ಆದರೆ ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವ ವಸ್ತುವಲ್ಲ, ವರ್ಷವರ್ಷವೂ ಸೇರುತ್ತ ಹೋಗುತ್ತದೆ. ಈ ಕಾರಣದಿಂದ ಯೂರೋಪಿನಲ್ಲಿ 2019ರಿಂದ ಒಂದು ಹೆಕ್ಟೇರಿಗೆ ಏಳು ವರ್ಷಗಳಲ್ಲಿ ಒಟ್ಟು 28 ಕಿಲೋ ತಾಮ್ರಕ್ಕಿಂತ ಹೆಚ್ಚು ಬಳಸಬಾರದೆಂದು ಮಿತಿ ಇಟ್ಟಿದ್ದಾರೆ. ಔಷಧಿ ಹುಟ್ಟಿದ ಊರಿನಲ್ಲೇ ಲೆಕ್ಕ ಇಡುತ್ತಿರುವಾಗ ನಾವೂ ಮಣ್ಣಿನ ಪರೀಕ್ಷೆಯಲ್ಲಿ ತಾಮ್ರದ ಅಂಶವನ್ನು ನೋಡಿಸುವುದು ವಿವೇಕ.

ಬೋರ್ದೋ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಇಷ್ಟು ದೊಡ್ಡ ಹೆಸರಿದ್ದರೂ ಕೆಂಪು ವೈನ್ ಕುಡಿಯುವವರು ಕಡಿಮೆಯಾಗಿ ದಾಸ್ತಾನು ಉಳಿಯತೊಡಗಿತು. ಬಳ್ಳಿ ಕಿತ್ತು ಹಾಕುವವರಿಗೆ ಹೆಕ್ಟೇರಿಗೆ 6,000 ಯೂರೋ ಪರಿಹಾರ ಕೊಡುವ ಯೋಜನೆಯನ್ನು 2023ರಲ್ಲಿ ಪ್ರಕಟಿಸಬೇಕಾಯಿತು. ಹೆಸರು ಬೆಲೆಯನ್ನು ಕಾಯುತ್ತದೆ, ಕೊಳ್ಳುವವರನ್ನು ಹುಟ್ಟಿಸುವುದಿಲ್ಲ. ಬಯಲುಸೀಮೆಯ ಗದ್ದೆಗಳಿಗೂ ಅಡಿಕೆ ಇಳಿದಿರುವ ಈ ಕಾಲದಲ್ಲಿ ಇದನ್ನು ಮರೆಯುವಂತಿಲ್ಲ.

7. ನಮಗೆ ಅನ್ವಯಿಸುವ ಅಂಶಗಳು

ಒಂದು: ನಮಗೂ ಕಾನೂನು ಇದೆ. ಭೌಗೋಳಿಕ ಗುರುತುಗಳ ಅಧಿನಿಯಮ 1999ರಲ್ಲಿ ಆಗಿ 2003ರಲ್ಲಿ ಜಾರಿಗೆ ಬಂತು. ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್ ಗಿರಿ ಅರೇಬಿಕಾ ಹಾಗೂ ಶಿರಸಿ ಸುಪಾರಿ ಹೆಸರುಗಳಿಗೆ 2019ರಲ್ಲಿ ನೋಂದಣಿ ದೊರೆಯಿತು. ಆದರೆ ಹೆಸರು ನೋಂದಾಯಿತವಾದ ಮಾತ್ರಕ್ಕೆ ಬೆಳೆಗಾರನಿಗೆ ಅದರ ಹಕ್ಕು ತಾನಾಗಿ ಬಾರದು. ಅಧಿಕೃತ ಬಳಕೆದಾರನೆಂದು ಅರ್ಜಿ ಹಾಕಿ ನೋಂದಾಯಿಸಿಕೊಳ್ಳಬೇಕು. ಮೂಲ ನೋಂದಣಿಯನ್ನು ಕೂಡ 10 ವರ್ಷಕ್ಕೊಮ್ಮೆ ನವೀಕರಿಸಬೇಕು.

ಎರಡು: ಬಳಸದ ಹೆಸರು ಬೇರೆಯವರ ಪಾಲಾಗುತ್ತದೆ. ದಿಜೋನ್ ಸಾಸಿವೆಯೇ ಇದಕ್ಕೆ ಸಾಕ್ಷಿ.

ಮೂರು: ಬೆರಕೆಯ ವಿರುದ್ಧ ಕೂಗುವವನ ಚೀಲ ಶುದ್ಧವಾಗಿರಬೇಕು. ಹಸಿರು ಕಾಯಿ ಸೇರಿಸಿ ಕೊಯ್ದ ಕಾಫಿ, ಅರೆ ಒಣಗಿದ ಚಾಲಿ, ಬಣ್ಣ ಹಾಕಿದ ಕೆಂಪಡಿಕೆ ಇವುಗಳನ್ನು ನಾವೇ ರಾಶಿಗೆ ಸೇರಿಸಿ, ಹೊರಗಿನ ಮಾಲಿನ ಬೆರಕೆಯಿಂದ ಕೆಟ್ಟೆವೆಂದರೆ ಕೇಳುವವರಿಲ್ಲ.

ನಾಲ್ಕು: ಒಬ್ಬ ಮುಂದಾಳಿನ ವರ್ಚಸ್ಸಿಗಿಂತ ಬರೆದಿಟ್ಟ ನಿಯಮ ಹೆಚ್ಚು ಬಾಳುತ್ತದೆ. ಅಲ್ಬೇರನ ಕೀರ್ತಿ ಕೆಲವು ತಿಂಗಳು ಇತ್ತು; 1907ರ ಫಸಲು ಘೋಷಣೆಯ ಪದ್ಧತಿ ಇಂದಿಗೂ ನಡೆಯುತ್ತಿದೆ.

ಐದು: ಇದು ಎಲ್ಲಕ್ಕಿಂತ ಕಷ್ಟದ್ದು. ದರ್ಜೆಗೆ ಬಾರದ ಮಾಲಿಗೆ, ಅದು ಸದಸ್ಯರದೇ ಆದರೂ, ಊರಿನ ಹೆಸರು ಕೊಡುವುದಿಲ್ಲವೆನ್ನುವ ಗಟ್ಟಿತನ ಸಂಘಕ್ಕೆ ಬೇಕು. ಅಂಥ ಮಾಲನ್ನು ಕೊಳ್ಳಬಾರದೆಂದಲ್ಲ, ಬೇರೆ ರಾಶಿಯಲ್ಲಿ ಬೇರೆ ದರಕ್ಕೆ ಮಾರೋಣ. ದರ್ಜೆ ನಿರ್ಧರಿಸುವವರು ಮಾಲು ಯಾರದೆಂದು ತಿಳಿಯದೆ, ಕೇವಲ ಚೀಟಿಯ ಸಂಖ್ಯೆ ನೋಡಿ ಅಂಕ ಹಾಕುವ ಏರ್ಪಾಡು ಮಾಡಿದರೆ ಮನಸ್ತಾಪಕ್ಕೆ ಎಡೆ ಕಡಿಮೆ.

ಈ ಕೊನೆಯ ಅಂಶವನ್ನು ಮುಂದಿನ ಸರ್ವಸದಸ್ಯರ ಸಭೆಯ ಮುಂದಿಡಲು ಉದ್ದೇಶಿಸಿದ್ದೇನೆ. ಮೊದಲ ವರ್ಷ ಕೆಲವರ ಮಾಲು ಕಂದು ಪಟ್ಟಿಗೂ ಬಾರದೆ ಹೋದೀತು. ಅವರಲ್ಲಿ ಆಡಳಿತ ಮಂಡಲಿಯವರೂ ಇರಬಹುದು, ಕಾರ್ಯದರ್ಶಿಯೂ ಇರಬಹುದು. ಅದಕ್ಕೆ ಸಿದ್ಧರಿದ್ದರೆ ಮಾತ್ರ ಚೀಲದ ಮೇಲೆ ಊರಿನ ಹೆಸರು ಬರೆಸುವುದರಲ್ಲಿ ಅರ್ಥವಿದೆ. ಸದಸ್ಯರು ಮನೆಯಲ್ಲಿ ಹೆಂಗಸರೊಡನೆಯೂ ಮಕ್ಕಳೊಡನೆಯೂ ಚರ್ಚಿಸಿ, ತಮ್ಮ ಅಭಿಪ್ರಾಯವನ್ನು ಬರಹದಲ್ಲಿ ಸಂಘದ ಕಚೇರಿಗೆ ತಲುಪಿಸಬೇಕಾಗಿ ವಿನಂತಿ.

– ಕಾರ್ಯದರ್ಶಿ